ಎಲೆತೋಟದಲ್ಲಿ ಮೋಮಜಾಮಾ

೨೮ ಅಕ್ಟೋಬರ್ ೧೯೫೬, ಭಾನುವಾರ. ಭಾಲ್ಕಿ

ಬೆಳಗಿನಿಂದ ವೀಳ್ಯದೆಲೆ ಎಣಿಸಿ ಎಣಿಸಿ ಬೆರಳೆಲ್ಲ ಹಸಿರು. ಅತ್ತೆ ಈರಮ್ಮನವರು ಎರಡು ಕಟ್ಟು ಮುಗಿಸುವಷ್ಟರಲ್ಲಿ ನನ್ನದು ಒಂದು. ಅದನ್ನೂ ಬಿಚ್ಚಿ ನೋಡುತ್ತಾರೆ. ಹರಿದ ಎಲೆ ಸಿಕ್ಕರೆ ಸುಮ್ಮನೆ ನನ್ನ ಮುಂದೆ ಇಡುತ್ತಾರೆ. ಬೈದಿದ್ದರೇ ಚೆನ್ನಾಗಿತ್ತು.

ಇವರು ನಿನ್ನೆ ಸಂಜೆ ಬೀದರಿನಿಂದ ಬಂದರು. ಅಲ್ಲಿ ತಹಸೀಲ ಕಚೇರಿಯಲ್ಲಿ ಗುಮಾಸ್ತರು. ಶನಿವಾರ ಬಂದು ಸೋಮವಾರ ಹೋಗುವ ಗಂಡ. ಈ ಸಲ ಒಂದು ಪುಸ್ತಕ ತಂದಿದ್ದಾರೆ. ಬೇಸಾಯದ್ದು, ಉರ್ದು. ಓದಿ ಹೇಳಿದರು. ನನಗೆ ಚಿತ್ರವೇ ಸಾಕಾಯಿತು — ಕಮಾನಿನಂತೆ ಬಾಗಿಸಿದ ಕಡ್ಡಿ, ಮೇಲೆ ಹೊದಿಕೆ, ಒಳಗೆ ಸಾಲಾಗಿ ಸಸಿ. ಹೊರಗೆ ಎಷ್ಟೇ ಚಳಿ ಇರಲಿ, ಒಳಗೆ ಬೆಚ್ಚಗಂತೆ. ನಮ್ಮ ಕಡೆ ಕಾರ್ತಿಕ ಕಳೆದ ಮೇಲೆ ಟಮಾಟಿ ಬೀಜ ಹಾಕಿದರೆ ಮಣ್ಣೊಳಗೇ ಮುಸುಕೆಳೆದು ಮಲಗಿಬಿಡುತ್ತದೆ.

ಬೀದರಿನ ತವರಲ್ಲಿ ಹಿತ್ತಲೆಲ್ಲ ನನ್ನ ಕೈಯಲ್ಲೇ ಇತ್ತು. ಇಲ್ಲಿಗೆ ಬಂದು ಆರು ವರ್ಷ. ಮಣ್ಣು ಮುಟ್ಟಿದ್ದು ಒಲೆ ಸಾರಿಸುವುದಕ್ಕೆ ಮಾತ್ರ. ಒಂದು ಮೂಲೆ ಬೇಕು ನನಗೆ, ನನ್ನದು ಅನ್ನುವುದಕ್ಕೆ. ಮಾವನವರನ್ನು ಕೇಳಲೇಬೇಕು.

೧ ನವೆಂಬರ್, ಗುರುವಾರ

ನರಕ ಚತುರ್ದಶಿ. ಎಲ್ಲರ ತಲೆಗೆ ಎಣ್ಣೆ ಹಚ್ಚಿ ಎರೆಯುವಷ್ಟರಲ್ಲಿ ನನ್ನ ಸೊಂಟ ಬಿತ್ತು. ಇವತ್ತಿನಿಂದ ನಾವು ಮೈಸೂರು ರಾಜ್ಯದವರು. ಚಾವಡಿಯಲ್ಲಿ ಪೇಢೆ ಹಂಚಿದರು. ನಿನ್ನೆ ಹೈದರಾಬಾದಿನವರಾಗಿ ಮಲಗಿ ಇವತ್ತು ಮೈಸೂರಿನವರಾಗಿ ಎದ್ದೆವು. ನೀರು ಕಾಯಿಸುವ ಹಂಡೆ ಅದೇ. ಇವರಿಗೆ ಮಾತ್ರ ಚಿಂತೆ. ಇನ್ನು ಕಚೇರಿಯ ಕಾಗದವೆಲ್ಲ ಕನ್ನಡದಲ್ಲಂತೆ. ಉರ್ದುವಿನಲ್ಲಿ ಓಡುವ ಕೈ ಕನ್ನಡದ ಒತ್ತಕ್ಷರ ಬಂದರೆ ಮೊಂಡು ಎತ್ತಿನಂತೆ ನಿಲ್ಲುತ್ತದೆ. ಶನಿವಾರ ಶನಿವಾರ ನಾನೇ ಪಾಠ ಹೇಳಬೇಕಂತೆ. ಹೇಳುತ್ತೇನೆ. ಕಿವಿ ಹಿಂಡುವ ಅಧಿಕಾರವೂ ಬೇಕೆಂದೆ.

ಎಲ್ಲರೂ ಖುಷಿಯಲ್ಲಿದ್ದಾಗಲೇ ಮಾವನವರನ್ನು ಕೇಳಿಬಿಟ್ಟೆ. ನೀರೂ ಬೇಲಿಯೂ ಇರುವ ಜಾಗ ಒಂದೇ — ಅವರ ಎಲೆತೋಟ. ಬಾವಿಯ ಹತ್ತಿರದ ಮೂಲೆಯಲ್ಲಿ ಬಳ್ಳಿ ಸತ್ತು ನೆಲ ಖಾಲಿ ಬಿದ್ದಿದೆ. ಆದರೆ ಎಲೆತೋಟದೊಳಗೆ ಹೆಂಗಸರು ಕಾಲಿಡುವುದಿಲ್ಲ. ಇಟ್ಟರೆ ಬಳ್ಳಿ ಕೊಳೆಯುತ್ತದಂತೆ. ಮಾವನವರೇ ಸ್ನಾನ ಮಾಡಿ ಬರಿಗಾಲಲ್ಲಿ ಹೋಗುತ್ತಾರೆ. ದಿನಾ ಬೆಳಿಗ್ಗೆ ವಚನ ಹೇಳುವ ಮನೆ ಇದು. ಸೂತಕವಿಲ್ಲ, ಹೆಣ್ಣು ಗಂಡೆಂಬ ಭೇದವಿಲ್ಲ... ಬೇಲಿಯವರೆಗೆ.

ಮಾವನವರು ಮೀಸೆ ತೀಡಿಕೊಂಡರು. ಆಮೇಲೆ ಹೇಳಿದರು:

"ಮೂಲಿ ಕೊಡ್ತೇನಿ. ನೀ ಬೇಲಿ ಹೊರಗ ನಿಂತು ಹೇಳು, ನಾ ಒಳಗ ಮಾಡ್ತೇನಿ. ಸಂಕ್ರಾಂತಿಗಿ ಸಸಿ ಎದ್ದಿದ್ರ ಮೂಲಿ ನಿಂದೇ. ಏಳಲಿಲ್ಲಂದ್ರ ಬಳ್ಳಿ ಹಚ್ಚತೇನಿ. ಮತ್ತ ಕೇಳಬ್ಯಾಡ."

ಅತ್ತೆಯ ಕೈಯಲ್ಲಿ ಪಾತ್ರೆಗಳು ಸ್ವಲ್ಪ ಜೋರಾಗಿ ಸದ್ದು ಮಾಡಿದವು.

೧೧ ನವೆಂಬರ್, ಭಾನುವಾರ. ಬೀದರ

ತವರಿಗೆ ಬಂದ ನೆಪದಲ್ಲಿ ಹೊದಿಕೆ ಹುಡುಕಾಟ. ಪುಸ್ತಕದಲ್ಲಿ ಗಾಜು ಎಂದಿದೆ. ಹಳೆ ಹವೇಲಿಯೊಂದರ ಕಿಟಕಿ ಗಾಜು ಮಾರಾಟಕ್ಕಿತ್ತು. ಎತ್ತಿ ನೋಡಿದೆ — ಭಾಲ್ಕಿಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಪುಡಿ. ಬೇಡ. ಜೋಳದ ಒಣ ದಂಟಿನ, ಅಂದರೆ ಕಣಿಕಿಯ, ತಟ್ಟಿ ಮನೆಯಲ್ಲೇ ಇದೆ, ಬೆಳಕು ಬಿಡುವುದಿಲ್ಲ. ಗೋಣಿಯೂ ಹಾಗೇ.

ಚೌಬಾರಾ ಗೋಪುರದ ಹತ್ತಿರ ಉಸ್ಮಾನ ಮಿಯಾ ಅಂಗಡಿ. ಟಾಂಗಾಗಳಿಗೆ ಮೋಮಜಾಮಾದ ಹೊದಿಕೆ ಹೊಲಿಯುತ್ತಾರೆ — ಬಟ್ಟೆಗೆ ಅಗಸೆ ಎಣ್ಣೆ, ಮೇಣ ಕುಡಿಸಿದ್ದು, ನೀರು ಇಳಿಯುವುದಿಲ್ಲ. ಕರಿಯ ಬಣ್ಣದ್ದು ತೋರಿಸಿದರು. ಗಿಡಕ್ಕೆ ಅಂದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಗಿಡಕ್ಕೆ ಟಾಂಗಾ ಕಟ್ಟಿಸುವ ಸೊಸೆ ಇದೇ ಮೊದಲಂತೆ.

ಬಣ್ಣ ಹಾಕದ ಮಲಮಲ್ಲಿಗೆ ತೆಳ್ಳಗೆ ಎಣ್ಣೆ ಕುಡಿಸಿದ ನಾಲ್ಕು ತುಂಡು ಇದ್ದವು. ಒಂದೊಂದರ ಹಿಂದೆ ಇವರು ಬರೆದ ಅಂಚೆ ಕಾರ್ಡು ಹಿಡಿದು ನೋಡಿದೆ. ಅಕ್ಷರ ಓದಲು ಬಂದ ತುಂಡು ಆರಿಸಿದೆ. ಇವರ ಅಕ್ಷರ ಬೆಳಕಿನಲ್ಲೇ ಓದಲು ಬಾರದು, ಬಟ್ಟೆಯ ಹಿಂದೆ ಓದಿಸಿಕೊಂಡಿತೆಂದರೆ ಸಸಿಗೆ ಧಾರಾಳ ಸಾಕು.

ಮಡಚಿ ಕೊಡುವಾಗ ಮಿಯಾ ಹೇಳಿದರು: "ಈ ಕಪಡಾಕ್ಕ ಉಸಿರಿಲ್ಲ ಬೇಟಿ. ನಾಕೂ ಕಡಿ ಮುಚ್ಚಿದ್ರ ಟಾಂಗಾದಾಗ ಕೂತಾಂವ ಬೆಂದು ಹೋಗ್ತಾನ. ಗಾಳಿಗಿ ದಾರಿ ಇಡ್ರಿ."

ಸಂಜೆ ಭಾಲ್ಕಿಗೆ ಮರಳುವಾಗ ಬಸ್ಸೆಲ್ಲ ಅಗಸೆ ಎಣ್ಣೆ ವಾಸನೆ. ಪಕ್ಕದ ಹೆಂಗಸು ಎದ್ದು ಹಿಂದೆ ಹೋಗಿ ಕೂತಳು. ಸೀಟು ಪೂರ್ತಿ ನನ್ನದು.

೧೮ ನವೆಂಬರ್, ಭಾನುವಾರ

ಕೂಗಿ ಕೂಗಿ ಗಂಟಲು ಹೋಗಿದೆ. ನಾನು ಬೇಲಿಯ ಹೊರಗೆ ಕಲ್ಲಿನ ಮೇಲೆ, ಮಾವನವರೂ ಆಳು ನರಸಿಂಗನೂ ಒಳಗೆ. ಬಿದಿರಿನ ಸೀಳು ಎರಡು ದಿನ ಬಾವಿಯಲ್ಲಿ ನೆನೆಸಿತ್ತು, ಬಾಗಿತು. ಒಂಬತ್ತು ಕಮಾನು, ಒಂದರಿಂದೊಂದು ಒಂದೂವರೆ ಮೊಳ. ಮೂರನೆಯದು ಸೊಟ್ಟ ಅಂದೆ. ಇಲ್ಲ ಅಂದರು. ಹೌದು ಅಂದೆ. ಅರವತ್ತೈದರ ಮಾವನವರು ನನ್ನ ಕಲ್ಲಿನ ಹತ್ತಿರ ಬಂದು ನಿಂತು ನೋಡಿ, ಹೋಗಿ ಕಿತ್ತು ಮತ್ತೆ ನೆಟ್ಟರು. ಆ ಕ್ಷಣಕ್ಕೆ ಅವರ ಮೇಲೆ ಬಹಳ ಪ್ರೀತಿ ಬಂತು.

ಬಟ್ಟೆಯ ಎರಡು ಅಂಚು ಮಣ್ಣಲ್ಲಿ ಹೂಳಿದ್ದಾಯಿತು. ಎರಡು ತುದಿಗೂ ಪರದೆ. ರಾತ್ರಿ ಇಳಿಸುವುದು, ಬಿಸಿಲೇರಿದ ಮೇಲೆ ಎತ್ತಿ ಕಟ್ಟುವುದು. ಮೂರು ಸಲ ಹೇಳಿದೆ. ಎಲೆಬಳ್ಳಿಗೆ ಗಾಳಿಯೇ ವೈರಿ, ನಲವತ್ತು ವರ್ಷ ನಾನು ಗಾಳಿ ತಡೆದೇ ಬದುಕಿದವನು ಎಂದು ಗೊಣಗಿದರು. ಆದರೂ ಹೂಂ ಅಂದರು. ಅರ್ಧ ಟಮಾಟಿ, ಅರ್ಧ ಬದನೆ ಬೀಜ. ದೂರದಿಂದ ನೋಡಿದರೆ ತೋಟದೊಳಗೆ ಹಸು ಮಲಗಿದ ಹಾಗಿದೆ. ಚಂದವಿದೆ.

೨೮ ನವೆಂಬರ್

ಎದ್ದಿವೆ! ಮಾವನವರು ಪರದೆ ಎತ್ತಿ ಹಿಡಿದರು, ನಾನು ಬೇಲಿಯ ಸಂದಿನಿಂದ ಕಂಡೆ. ಹಸಿರು ದಾರ ಎಳೆದಂತೆ ಸಾಲು.

೬ ಡಿಸೆಂಬರ್, ಗುರುವಾರ

ಮಾವನವರು ಔರಾದ ತಾಲೂಕಿನ ಚಿಂತಾಕಿಗೆ ಹೋದರು. ಅವರಕ್ಕನ ಮೊಮ್ಮಗಳ ಮದುವೆ. ಗಾಡಿಯಲ್ಲಿ ಎಲೆಯ ಬುಟ್ಟಿ, ಹೊಡೆಯಲು ನರಸಿಂಗ. ಬರುವುದು ಮುಂದಿನ ಬುಧವಾರ. ನಿನ್ನೆ ತೋಟಕ್ಕೆಲ್ಲ ನೀರು ಕಟ್ಟಿದ್ದಾರೆ, ವಾರಕ್ಕೆ ಸಾಕು. ಪರದೆಯ ಮಾತು ಕೇಳಿದೆ. ಎಲ್ಲ ಬಂದೋಬಸ್ತು ಮಾಡಿದ್ದೇನೆ, ಚಿಂತೆ ಬೇಡ ಎಂದರು.

೭ ಡಿಸೆಂಬರ್, ಬೆಳಿಗ್ಗೆ ೯

ಬೇಲಿಯ ಸಂದಿನಿಂದ ಬಂದೋಬಸ್ತು ಕಂಡೆ. ಹೊದಿಕೆಯ ಎರಡೂ ಬಾಯಿಗೆ ಕಣಿಕಿ ತಟ್ಟಿ ಒತ್ತಿ, ಸಂದಿಗೆ ಮಣ್ಣು ಮೆತ್ತಿದ್ದಾರೆ. ಎಳೆಬಳ್ಳಿಗೆ ಮಾಡುವ ಹಾಗೆ. ಪ್ರೀತಿಯಿಂದಲೇ ಮಾಡಿದ್ದು, ಚಳಿ ತಾಗದಿರಲಿ ಎಂದು. ಬಟ್ಟೆಯ ಒಳಮೈ ಬೆವರಿ ನೀರಿಳಿಯುತ್ತಿದೆ.

ಮಧ್ಯಾಹ್ನ ೧೨

ಬಿಸಿಲು ಸುಡುತ್ತಿದೆ. ಪಕ್ಕದ ಹೊಲದಲ್ಲಿ ಗಂಡಸರು ಯಾರೂ ಇಲ್ಲ, ಎಲ್ಲ ಸಂತೆಗೆ. ಇವರೂ ಈ ಶನಿವಾರ ಬರುವುದಿಲ್ಲವೆಂದು ಬರೆದಿದ್ದಾರೆ. ಬುಧವಾರದ ತನಕ ಕಾದರೆ ಒಂದೂ ಉಳಿಯುವುದಿಲ್ಲ. ಅತ್ತೆಗೆ ಹೇಳಿದೆ. "ಸಸಿ ಮತ್ತ ಬರ್ತಾವ. ಬಳ್ಳಿ ಹೋದ್ರ ಮನಿ ಹೋಗ್ತದ" ಎಂದು ರೊಟ್ಟಿ ತಟ್ಟುತ್ತಲೇ ಇದ್ದರು. ಅವರ ಮಾತೂ ಸುಳ್ಳಲ್ಲ. ಈ ಮನೆ ತಿನ್ನುವುದು ಆ ಬಳ್ಳಿಯಿಂದಲೇ.

ಸಂಜೆ

ಹೋದೆ.

ಕಾಲು ತೊಳೆದುಕೊಂಡೆ. ಬೇಲಿಯ ಬಾಗಿಲು ಸರಿಸಿದೆ. ಒಳಗೆ ಎಂಥ ತಂಪು! ಚೊಗಚೆ ಮರಕ್ಕೆ ಹಬ್ಬಿದ ಬಳ್ಳಿ, ತಲೆಯ ಮೇಲೆಲ್ಲ ಎಲೆ. ನಿಂತು ನೋಡಲೂ ಹೆದರಿಕೆ. ಓಡಿ ಹೋಗಿ ತಟ್ಟಿ ಕಿತ್ತೆ. ಬಿಸಿ ಹಬೆ ಮುಖಕ್ಕೆ ಬಡಿಯಿತು. ಬದನೆಯದು ಒಂದೂ ಇಲ್ಲ, ಬುಡ ಕೊಳೆತು ಮಲಗಿವೆ. ಟಮಾಟಿ ಅರ್ಧ ಬದುಕಿದೆ. ಸತ್ತದ್ದನ್ನು ಆರಿಸಿ ತೆಗೆದೆ, ಅಳುತ್ತಲೇ.

ಹೊರಗೆ ಬಂದಾಗ ಅತ್ತೆ ಬಾವಿಯ ಹತ್ತಿರ ನಿಂತಿದ್ದರು. ಹೆದರಿಕೆಯಾಗುತ್ತಿದೆ, ಪಶ್ಚಾತ್ತಾಪ ಆಗುತ್ತಿಲ್ಲ.

೧೨ ಡಿಸೆಂಬರ್, ಬುಧವಾರ

ದಿನಕ್ಕೆರಡು ಸಲ ಹೋಗಿ ಪರದೆ ಎತ್ತಿದೆ, ಇಳಿಸಿದೆ. ಮಾವನವರು ಸಂಜೆ ಬಂದರು. ಕಾಲಿಗೆ ನೀರು ಕೊಡುವಾಗಲೇ ಹೇಳಿಬಿಟ್ಟೆ, ಬೇರೆಯವರು ಹೇಳುವ ಮೊದಲು.

"ಮಾವಾರಿ, ನಾ ತೋಟದಾಗ ಹೋಗಿದ್ದೆರಿ. ಸಸಿ ಬೇಯಲತ್ತಿದ್ವು. ತಟ್ಟಿ ತೆಗದೀನಿ."

ಚೊಂಬು ಕೆಳಗಿಟ್ಟರು. ನೆಟ್ಟಗೆ ತೋಟಕ್ಕೆ ಹೋದರು. ಕತ್ತಲಾದ ಮೇಲೆ ಬಂದರು. ಊಟ ಮಾಡಿ ಮಲಗಿದರು.

೨೩ ಡಿಸೆಂಬರ್, ಭಾನುವಾರ

ಹನ್ನೊಂದು ದಿನವಾಯಿತು. ಮಾವನವರು ತಾವೇ ಪರದೆ ನೋಡಿಕೊಳ್ಳುತ್ತಾರೆ, ಹೊತ್ತಿಗೆ ಸರಿಯಾಗಿ. ನನ್ನ ಕೂಡ ಮಾತಿಲ್ಲ. ಅತ್ತೆ ಒಂದೊಂದೇ ಎಲೆ ಬೆಳಕಿಗೆ ಹಿಡಿದು ನೋಡುತ್ತಾರೆ. ನನಗೂ ಅದೇ ಕೆಲಸ, ಕೊಳೆಯ ಗುರುತು ಎಲ್ಲಿದೆಯೋ ಎಂದು.

ಇವತ್ತು ಹಳದಿ ಎಲೆಯೊಂದು ಸಿಕ್ಕಿತು. ಅತ್ತೆ ಒಯ್ದು ಮಾವನವರ ಮುಂದಿಟ್ಟರು. ಬಳ್ಳಿ ಹೋಯಿತೆಂದೇ ತಿಳಿದೆ. ಮಾವನವರು ಎಲೆ ತಿರುವಿ ನೋಡಿದರು, ತೊಡೆಗೆ ಒರೆಸಿದರು, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡರು.

"ಹಣ್ಣೆಲಿ. ರುಚಿ ಅದ."

ಅಷ್ಟೇ. ಒಳಗೆ ಬಂದು ಗೋಡೆಗೆ ಒರಗಿ ನಕ್ಕೆ.

೧೪ ಜನವರಿ ೧೯೫೭, ಸೋಮವಾರ

ಸಂಕ್ರಾಂತಿ. ಟಮಾಟಿ ಸಸಿ ಗೇಣುದ್ದ. ನೂರಾ ಹದಿನೆಂಟು. ಬಳ್ಳಿಯಲ್ಲಿ ಹೊಸ ಚಿಗುರು ಎಂದಿನಂತೆ ಬಂದಿದೆ. ಎಳ್ಳು ಬೆಲ್ಲ ಕೊಟ್ಟು ಕಾಲಿಗೆ ಬಿದ್ದೆ. ಮಾವನವರು ಎಲ್ಲರೆದುರು ಹೇಳಿದರು:

"ಮುಚ್ಚಿದಾಂವ ನಾ, ಉಳಿಸಿದಾಕಿ ನೀ. ಮೂಲಿ ನಿಂದು. ನಾಳಿಂದ ನೀನೇ ಒಳಗ ಹೋಗಿ ಮಾಡ್ಕೋ. ಬೇಲಿ ಹೊರಗಿಂದ ಬೈಸಿಕೊಂಡು ದುಡಿಯೋ ವಯಸ್ಸಲ್ಲ ನಂದು."

ಇವರು ನಕ್ಕರು. ನಾನೂ ನಕ್ಕೆ, ಕಣ್ಣು ಒರೆಸಿಕೊಂಡು. ಅತ್ತೆ ಎದ್ದು ಅಡುಗೆಮನೆಗೆ ಹೋದರು. ಕೋಪ ಅಂದುಕೊಂಡೆ.

೧೭ ಜನವರಿ, ಗುರುವಾರ. ಮಧ್ಯಾಹ್ನ

ಬರೆಯದೆ ಇರಲಾರೆ. ಬೆಳಿಗ್ಗೆ ಸಾಲಿಗೆ ನೆಡಲೆಂದು ಸಸಿ ಕೀಳಲು ಹೊರಟೆ. ಬೇಲಿಯ ಬಾಗಿಲಲ್ಲಿ ಅತ್ತೆ. ಸ್ನಾನವಾಗಿತ್ತು, ಒಗೆದ ಇಳಕಲ್ ಸೀರೆ, ಕಾಲು ಒದ್ದೆ. ಬಾಗಿಲ ಗೂಟ ಹಿಡಿದು ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ. ತಡೆಯಲು ಬಂದಿದ್ದಾರೆ ಎಂದೇ ತಿಳಿದು ನಾನೂ ಸೆರಗು ಬಿಗಿದೆ.

ನನ್ನ ಕಡೆ ನೋಡದೆ ಹೇಳಿದರು: "ಹನ್ನೆರಡು ವರ್ಷದಾಕಿ ಬಂದೀನಿ ಈ ಮನಿಗಿ. ಈ ಕೈಲಿ ಎಷ್ಟು ಎಲಿ ಹೋಗ್ಯಾವ, ಶಿವನಿಗೇ ಗೊತ್ತು. ಬಳ್ಳಿ ಹ್ಯಾಂಗ ಹಬ್ಬತದಂತ ನೋಡಿಲ್ಲವ್ವ ನಾ. ಬರಲೇನು?"

ನನ್ನನ್ನು ಕೇಳುತ್ತಿದ್ದಾರೆ. ಅತ್ತೆ, ನನ್ನನ್ನು. ಕೈ ಹಿಡಿದು ಒಳಗೆ ಕರೆದೊಯ್ದೆ. ಮಾವನವರು ಬಾವಿಕಟ್ಟೆಯ ಮೇಲಿದ್ದವರು ಆ ಕಡೆ ಮುಖ ತಿರುಗಿಸಿ ಕುಳಿತರು, ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿದ್ದು ನಾನು ಕಂಡೆ. ಅತ್ತೆ ಮೊದಲ ಬಳ್ಳಿಯ ಹತ್ತಿರವೇ ನಿಂತುಬಿಟ್ಟರು. ಎಲೆ ಕೀಳಲಿಲ್ಲ. ಬರೀ ಮುಟ್ಟಿದರು, ಬುಡದಿಂದ ಕೈ ಎಟುಕುವವರೆಗೆ. ನಾನು ಸಸಿ ಕಿತ್ತು ಬಂದರೂ ಅವರು ಬರಲಿಲ್ಲ. ಊಟದ ಹೊತ್ತು ಮೀರಿದೆ, ಒಲೆ ಆರಿದೆ. ಈ ಮನೆಯಲ್ಲಿ ಹೀಗೆ ಎಂದೂ ಆಗಿಲ್ಲ. ಈಗ ತೋಟದೊಳಗಿಂದ ಕೂಗುತ್ತಿದ್ದಾರೆ, ಶಿವಕಾಂತಾ, ಇಲ್ಲಿ ಬಾ, ಇದು ನೋಡು ಬಾ ಎಂದು. ದನಿ ಪುಟ್ಟ ಹುಡುಗಿಯದು. ಬರೆಯುವುದು ಆಮೇಲೆ —