ಮೂರನೇ ಸುತ್ತಿನ ಸಲಾಮಿ

ಗಜೇಂದ್ರಗಡ
ಫೆಬ್ರುವರಿ ೧೮

ಸಾಜೀದ,

ದವಡೆಗೆ ತಂತಿ ಬಿಗಿಸಿಕೊಂಡವನ ಎದುರು ಕೂತು ವಾದ ಮಾಡುವುದು ನನಗೆ ಒಗ್ಗದು. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆದೇ ಉತ್ತರಿಸು. ರೋಣದ ಬಾಕ್ಸಿಂಗ್ ಆಯ್ಕೆ ಪಂದ್ಯದಲ್ಲಿ ನಿನ್ನನ್ನು ಬೀಳಿಸಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ನಮ್ಮಿಬ್ಬರ ಆಟವೇ ಬೇರೆ. ನೀನು ಉದ್ದನೆಯ ಎಡಗೈ ಚಾಚಿ, ಮುಟ್ಟಿ, ಹಿಂದೆ ಸರಿದು, ಎದುರಿನವನು ಸುಸ್ತಾಗುವವರೆಗೆ ಸುತ್ತು ಹಾಕುವವನು. ನಾನು ಮೈಮೇಲೆಯೇ ನುಗ್ಗುವವನು. ನಾಲ್ಕು ಗುದ್ದು ತಿಂದು ಪಕ್ಕೆಗೆ ಎರಡು ಕೊಡುತ್ತೇನೆ. ಸಂಘಟನೆಯ ಕರಪತ್ರ ಹಂಚಲು ನರಗುಂದಕ್ಕೆ ಹೋದಾಗ, ದೂರ ನಿಂತು ಗೆಲ್ಲುವುದು ಧಣಿಗಳ ಆಟ ಎಂದು ನಾನು ಹೇಳಿದ್ದೆ. ನೀನು ನಕ್ಕು, 'ಧಣಿಗಳ ಮೂಗರ ನೆಟ್ಟಗ ಇರ್ತಾವಲೇ, ನಿಂದ ನೋಡ್ಕೋ' ಎಂದಿದ್ದೆ.

ಆದರೆ ನಾನು ಹೊಡೆದದ್ದು ನಿನ್ನ ಆಟವನ್ನಲ್ಲ, ಸಲಾಮಿಯನ್ನು. ನಿನ್ನ ಅಜ್ಜ ಜಂಗ್ಲಿಸಾಬರು ಬದುಕಿದ್ದಾಗ ಕುಸ್ತಿಯ ಗರಡಿಯಲ್ಲಿ ನಮ್ಮಿಬ್ಬರಿಗೂ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಸಲಾಮಿ ಮಾಡಲು ಕಲಿಸಿದ್ದರು. 'ಸಲಾಮಿ ಮುಗಿಯೂತನಕ ಎದುರಿನಾಂವಗ ಕೈ ಹಚ್ಚಬ್ಯಾಡ್ರಲೇ' ಅನ್ನುತ್ತಿದ್ದರು. ಬಾಕ್ಸಿಂಗ್ ರಿಂಗಿನಲ್ಲಿ ಮಣ್ಣಿಲ್ಲ. ಆದರೂ ನೀನು ಪ್ರತಿ ಸುತ್ತು ಶುರುವಾಗುವ ಗಂಟೆ ಹೊಡೆದ ಮೇಲೆ ಮೊಣಕಾಲು ಮುಟ್ಟಿ ಗ್ಲೌಸನ್ನು ಹಣೆಗೆ ಒತ್ತಿಕೊಳ್ಳುತ್ತೀ. ಅಷ್ಟು ಹೊತ್ತು ದವಡೆ ಬಯಲು. ಬಾಗುವುದು ಗುಲಾಮಗಿರಿಯ ಮೊದಲ ಪಾಠ ಎಂದು ಎಷ್ಟು ಸಲ ನಿನಗೆ ಓದಿ ಹೇಳಿದ್ದೇನೆ. ಮೊದಲೆರಡು ಸುತ್ತು ಕಾದೆ. ಮೂರನೆಯ, ಕೊನೆಯ ಸುತ್ತಿನಲ್ಲಿ ನೀನು ಬಾಗಿದಾಗ ಬಲಗೈ ಬೀಸಿದೆ. ನಿಯಮದಲ್ಲಿ ತಪ್ಪಿರಲಿಲ್ಲ; ರೆಫರಿ ಎಣಿಸತೊಡಗಿದರು. ಮೂಳೆ ಮುರಿದದ್ದು ನನ್ನ ಮೊಣಕೈವರೆಗೂ ತಿಳಿಯಿತು. ನೀನು ಬಿದ್ದಲ್ಲೇ ಗ್ಲೌಸನ್ನು ಹಣೆಯತ್ತ ಒಯ್ದೆ, ಅರ್ಧಕ್ಕೆ ನಿಂತ ಸಲಾಮಿ ಮುಗಿಸುವವನ ಹಾಗೆ. ನನಗೆ ಅಸಹ್ಯವಾಯಿತು.

ನಿನ್ನೆ ನಿಮ್ಮ ಮನೆಗೆ ಬಂದಿದ್ದೆ. ನೀನು ನಿದ್ದೆಯಲ್ಲಿದ್ದೆ. ನಿನ್ನ ತಾಯಿ, 'ಬಾ ಯಪ್ಪಾ. ಗಾಡಿ ಮ್ಯಾಲಿಂದ ಬಿದ್ನಂತ, ಚೀಟಿ ಬರದು ತೋರ್ಸ್ಯಾನ. ನೀ ಜೋಡಿ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ' ಎಂದು, ನಿನಗೆ ಕಾಸಿದ ಗಂಜಿಯಲ್ಲೇ ನನಗೂ ಒಂದು ಲೋಟ ಕೊಟ್ಟರು. ನನ್ನನ್ನು ಕಾಪಾಡಲು ನೀನು ಸುಳ್ಳು ಬರೆದೆ. ನಾನು ಕೇಳಿರಲಿಲ್ಲ. ನಿನ್ನ ದಯೆ ನನಗೆ ಬೇಡ. ಗಂಜಿ ಕುಡಿದು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಲೋಟ ಇಸಿದುಕೊಂಡು, 'ಸಲಾಮಿ ಮಾಡೂ ಹೊತ್ತಿನ್ಯಾಗ?' ಎಂದಷ್ಟೇ ಕೇಳಿದರು. ಹೌದು ಎಂದೆ. ಬಾಗಿಲು ಹಾಕಿಕೊಂಡರು.

ಇನ್ನು ನೀನು ರಿಂಗಿಗೆ ಇಳಿಯುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ಸಮಯ ಸಿಗುತ್ತದೆ, ಓದು. ಜೊತೆಗೆ ಎರಡು ಪುಸ್ತಿಕೆ ಇಟ್ಟಿದ್ದೇನೆ.

ಯಾರಿಗೂ ಬಾಗದ,
ಕನಕರಾಜ

ತಾ.ಕ.: ನಿನ್ನ ತಾಯಿಗೆ ಒಂದು ಮಾತು ಹೇಳಲಿಲ್ಲ. ಎರಡನೇ ಸುತ್ತು ಮುಗಿದಾಗ ನನ್ನ ಮೂಲೆಯಲ್ಲಿ ನೀರು ಕೊಡುತ್ತಿದ್ದ ನಿಂಗರಾಜ, 'ಪಾಯಿಂಟಿನ್ಯಾಗ ಸಾಜೀದ ಭಾಳ ಮುಂದ ಹೋಗ್ಯಾನ' ಎಂದಿದ್ದ. ನಿನ್ನ ದವಡೆ ನನ್ನ ಕೈಗೆ ಎಟುಕುವ ಹೊತ್ತು ಸಲಾಮಿಯದೊಂದೇ ಇತ್ತು.