ಟೂ ಬಿಡಬಾರದು ಎಂಬ ನಿಯಮ

ರಾಮಮೂರ್ತಿ ನಗರ
ಶುಕ್ರವಾರ, 21 ನವೆಂಬರ್ 2025

ಪ್ರೀತಿಯ ಸುಗತ,

ಮೇಲಿರುವ 'ಪ್ರೀತಿಯ' ಸುಳ್ಳಲ್ಲ. ಹಾಗಂತ ಅದೊಂದನ್ನೇ ಹಿಡಿದುಕೊಂಡು ಕುಣಿಯಬೇಡ, ಪೂರ್ತಿ ಓದು.

ಭಾನುವಾರ ದೊಡ್ಡಮುನಿಯಪ್ಪ ಮಾವನನ್ನೂ ಇನ್ನಿಬ್ಬರು ಹಿರಿಯರನ್ನೂ ಕರೆದುಕೊಂಡು ಇಲ್ಲಿಗೆ, ನಮ್ಮ ಚಿಕ್ಕಮ್ಮನ ಮನೆಗೆ ಬರುತ್ತೀಯಂತೆ. ಎಲ್ಲರ ಮುಂದೆ ನನ್ನ ಹತ್ತಿರ ಸಾರಿ ಕೇಳುತ್ತೀಯಂತೆ. ನಾನು 'ಪರವಾಗಿಲ್ಲ' ಎಂದುಬಿಟ್ಟರೆ ಸಂಜೆಗೇ ನಿನ್ನ ಜೊತೆ ಕೆ.ಆರ್. ಪುರದ ಮನೆಗೆ ಹೊರಡಬಹುದಂತೆ. ಒಪ್ಪಿಗೆಯೋ ಇಲ್ಲವೋ ನಾಳೆಯೊಳಗೆ ತಿಳಿಸು ಎಂದಿದ್ದೀಯ, ಅದಕ್ಕೇ ಈ ಕಾಗದ ಬರೆದು ಕೈಲಿ ಕೊಟ್ಟು ಕಳಿಸುತ್ತಿದ್ದೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬುದ್ಧಿ ನನ್ನ ಹತ್ತಿರ ಇರುವುದಿಲ್ಲ.

ನಮ್ಮ ಶಾಲೆಯ ಮಕ್ಕಳ ದಿನಾಚರಣೆಯ ವಿಡಿಯೋವನ್ನು ನೀನು ಮನೆಯವರ ಗ್ರೂಪಿಗೆ ಹಾಕಿದ್ದನ್ನು ನೋಡಿದೆ. ಅದರ ಕೆಳಗೇ ಮಾವನ ದನಿ: "ನೋಡಮ್ಮ ತೇಜಶ್ರೀ, ಕ್ಲಾಸಲ್ಲಿ ಮಕ್ಳಿಗೆಲ್ಲಾ ಎಷ್ಟ್ ಚೆನ್ನಾಗಿ ಹೇಳ್ಕೊಡ್ತೀಯ, ಮನೇಲಿ ನೀನೊಂದ್ಸಲ ಪರವಾಗಿಲ್ಲ ಅಂದ್ಬಿಟ್ರೆ ನಿನ್ ಗಂಟೇನ್ ಹೋಗುತ್ತೆ" ಅಂತ. ಅದಕ್ಕೆ ಗ್ರೂಪಿನವರೆಲ್ಲ ಚಪ್ಪಾಳೆಯ ಚಿತ್ರ. ಮೈ ಉರಿದು ಹೋಯಿತು. ಆದರೆ ಮಾವನಿಗೆ ಕೊಡಲು ಉತ್ತರ ಅಂದು ನನ್ನ ಬಳಿ ಇರಲಿಲ್ಲ. ಈಗ ಇದೆ. ಆ ವಿಡಿಯೋದಿಂದಲೇ ಶುರು ಮಾಡುತ್ತೇನೆ.

ಪುಲಿಕೇಶಿನಗರದ ನನ್ನ ಮೂರನೇ ಕ್ಲಾಸಿನಲ್ಲಿ ಜಗಳವಾಡಿ ಮಾತು ಬಿಡುವುದಕ್ಕೇ ಮೂರು ಭಾಷೆ. ಕಿರುಬೆರಳು ಮುಂದೆ ಚಾಚಿ ಒಬ್ಬರು ಟೂ ಅನ್ನುತ್ತಾರೆ, ತಮಿಳಿನವರು ಕಾ ಅನ್ನುತ್ತಾರೆ, ಉರ್ದು ಮಾತಾಡುವ ಲೈಬಾಳ ಗುಂಪು ಕಟ್ಟಿ ಅನ್ನುತ್ತದೆ. ದಿನವೂ ಯಾರದ್ದಾದರೂ ಅಳು. ಜೂನ್ ತಿಂಗಳಲ್ಲಿ ಹೆಡ್‌ಮಿಸ್ ಗೆಳೆತನದ ಪೀರಿಯಡ್ಡನ್ನು ನನ್ನ ತಲೆಗೆ ಕಟ್ಟಿದಾಗ ನಾನೇ ಒಂದು ನಿಯಮ ಮಾಡಿದೆ. ನಮ್ಮ ಕ್ಲಾಸಿನಲ್ಲಿ ಇನ್ನು ಯಾರೂ ಟೂ ಬಿಡುವಂತಿಲ್ಲ. ಚೀಟಿ ಎತ್ತಿ ಜೋಡಿ ಮಾಡುತ್ತೇನೆ, ಜೋಡಿಯವರು ಒಟ್ಟಿಗೆ ಕೂರಬೇಕು, ಒಟ್ಟಿಗೆ ಉಣ್ಣಬೇಕು. ತಪ್ಪು ಮಾಡಿದವರು ಕೈ ಹಿಡಿದು ಸಾರಿ ಹೇಳಬೇಕು, ಎದುರಿನವರು 'ಪರವಾಗಿಲ್ಲ, ನಾವು ಫ್ರೆಂಡ್ಸ್' ಎನ್ನಲೇಬೇಕು. ಆಮೇಲೆ ಎಲ್ಲರೂ ಚಪ್ಪಾಳೆ. ಆಗಿನ್ನೂ ನಿನ್ನ ಮನೆ ಬಿಟ್ಟು ಬಂದ ಹೊಸತು. ಮನೆಯಲ್ಲಿ ಮುರಿದದ್ದನ್ನು ಕ್ಲಾಸಿನಲ್ಲಾದರೂ ಅಂಟಿಸೋಣ ಅಂತ ಇತ್ತೋ ಏನೋ.

ಈ ನಿಯಮವನ್ನೇ ಮಕ್ಕಳು ಆಡಿ ತೋರಿಸಿದ ಆ ವಿಡಿಯೋದಲ್ಲಿ ಸಾರಿ ಹೇಳುವವನು ಜಗನ್. ಚೂಟಿ ಹುಡುಗ, ಮಾತು ಪಟಪಟ. ಪರವಾಗಿಲ್ಲ ಎಂದು ನಗುವವಳು ಕಾವೇರಿ. ಅವಳ ಅಪ್ಪ ಅಮ್ಮ ಸಿಂಧನೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಚಿಕ್ಕಮ್ಮನ ಮನೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾರೆ. ಹುಡುಗಿ ದಿನಾ ನನ್ನ ಜೊತೆಗೇ ಬಸ್ಸಿನಲ್ಲಿ ಶಾಲೆಗೆ ಬರುತ್ತಾಳೆ. ಎಷ್ಟೋ ಸಲ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದ್ದಾಳೆ.

ಮಂಗಳವಾರ ಬೆಳಿಗ್ಗೆ ನಾನಿನ್ನೂ ತಲೆ ಬಾಚಿರಲಿಲ್ಲ, ಅವಳ ಅಮ್ಮ ಹುಸೇನಮ್ಮ ಮಗಳನ್ನು ಎಳೆದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಕಾವೇರಿಯ ತೋಳು ಮೇಲೆ ಮಾಡಿ ತೋರಿಸಿದಳು. ಮೊಣಕೈ ಮೇಲೆಲ್ಲ ಚಿವುಟಿದ ಗುರುತು. ಹಳೆಯವು ಹಳದಿಗೆ ತಿರುಗಿದ್ದವು, ಹೊಸವು ನೀಲಿ. "ದೋಸ್ತಿ ಅಂದ್ರ ಹಿಂಗೇನ್ರಿ ಟೀಚರಮ್ಮ? ನಾವು ದುಡ್ಕೊಂಡ್ ತಿನ್ನೋರು ಖರೆ, ಮಗಳನ್ನ ಚಿವುಟಿಸ್ಕೊಳ್ಳಾಕ ಸಾಲಿಗೆ ಕಳಿಸಿಲ್ಲ" ಎಂದಳು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಚೆನ್ನಾಗಿತ್ತು.

ಕಾವೇರಿ ಬೇರೆ ಯಾರ ಜೊತೆ ಮಾತಾಡಿದರೂ ಜಗನ್ ಬೆಂಚಿನ ಕೆಳಗೆ ಚಿವುಟುತ್ತಿದ್ದನಂತೆ. ದಿನಾ ನನ್ನ ಪಕ್ಕದಲ್ಲೇ ಕೂತು ಬರುತ್ತೀಯಲ್ಲ, ಯಾಕಮ್ಮ ಹೇಳಲಿಲ್ಲ ಎಂದು ಕೇಳಿದೆ. ಅವಳು ನನ್ನನ್ನೇ ದಡ್ಡಿಯ ಹಾಗೆ ನೋಡಿದಳು. "ಟೂ ಬಿಡಂಗಿಲ್ಲಲ್ರಿ ಟೀಚರ್. ಅವ ಸಾರಿ ಅಂತಾನ್ರಿ. ನಾ ಪರವಾಗಿಲ್ಲ ಅನ್ಬೇಕಲ್ರಿ" ಎಂದಳು.

ಸುಗತ, ಆ ಮಗುವಿನ ಬಾಯಿಗೆ ಆ ಮಾತು ತುರುಕಿದವಳು ನಾನು. ಹುಸೇನಮ್ಮ ಶಾಲೆ ಬಿಡಿಸಿ ಮಗಳನ್ನು ಊರಿನಲ್ಲಿ ಅಜ್ಜಿಯ ಹತ್ತಿರ ಬಿಡುತ್ತೇನೆ ಎಂದಳು. ಅಲ್ಲಿಗೆ ಹೋದರೆ ಅವಳ ಓದು ಮುಗಿದ ಹಾಗೇ. ಶುಕ್ರವಾರದವರೆಗೆ ಸಮಯ ಕೊಡಿ ಎಂದು ಕೈ ಮುಗಿದೆ. ಅವಳು ಮಗಳ ಕೈ ಹಿಡಿದುಕೊಂಡು ಹೊರಟುಬಿಟ್ಟಳು.

ಬುಧವಾರ, ಗುರುವಾರ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಯಾರ್ಯಾರೋ ಕೂತರು. ನಿಯಮ ತೆಗೆಯುತ್ತೇನೆ ಎಂದಿದ್ದಕ್ಕೆ ಹೆಡ್‌ಮಿಸ್ ಹೌಹಾರಿದರು. ವಿಡಿಯೋ ನೋಡಿ ಮೆಚ್ಚಿ ಸೋಮವಾರ ಯಾರೋ ದೊಡ್ಡವರು ಬರುತ್ತಾರಂತೆ, ಈ ಟೈಮಲ್ಲಿ ಇದೆಲ್ಲಾ ಬೇಕಿತ್ತಾ ಮಿಸ್ ಅಂತ. ಬೇಕಿತ್ತು ಎಂದೆ. ಜಗನ್‌ನನ್ನು ಒಬ್ಬನನ್ನೇ ಕೂರಿಸಿಕೊಂಡು ಯಾಕೋ ಹೀಗೆ ಮಾಡಿದೆ ಎಂದು ಕೇಳಿದೆ. ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಸಾರಿ ಹೇಳಿದ್ನಲ್ಲಾ ಮಿಸ್. ಪ್ರತಿ ಸಲಾನೂ ಹೇಳಿದೀನಿ" ಎಂದ. ಅವನು ಕೆಟ್ಟ ಹುಡುಗನಲ್ಲ. ಸಾರಿ ಎಂದರೆ ಲೆಕ್ಕ ಚುಕ್ತಾ ಎಂದು ಕಲಿಸಿದವಳೂ ನಾನೇ ಅಲ್ಲವೇ?

ಇವತ್ತು ಹುಸೇನಮ್ಮ ಕೆಲಸ ಬಿಟ್ಟು ಮಗಳನ್ನು ಕರೆತಂದಳು. ಕ್ಲಾಸಿನ ಬಾಗಿಲಲ್ಲಿ ಕೈಕಟ್ಟಿ ನಿಂತಳು, ಕರೆದರೂ ಒಳಗೆ ಬರಲಿಲ್ಲ. ನಾನು ಮಕ್ಕಳಿಗೆ ಹೇಳಿದೆ, ನಾನು ಮಾಡಿದ ನಿಯಮ ತಪ್ಪಾಗಿತ್ತು. ಇನ್ನು ಮೇಲೆ ಟೂ ಬಿಡಬಹುದು. ಟೂ ಬಿಡಿಸಿಕೊಂಡವರು ಹಿಂದೆ ಬೀಳುವಂತಿಲ್ಲ, ಮೈ ಮುಟ್ಟುವಂತಿಲ್ಲ. ಸಾರಿ ಹೇಳುವುದು ತಪ್ಪು ಮಾಡಿದವರ ಕೆಲಸ, ಅದಕ್ಕೆ ಏನು ಉತ್ತರ ಕೊಡಬೇಕು ಅನ್ನುವುದು ನೋವಾದವರ ಇಷ್ಟ. ಜಗನ್ ತನ್ನ ಜಾಗದಲ್ಲೇ ನಿಂತು ಸಾರಿ ಎಂದ. ಮಕ್ಕಳು ಅಭ್ಯಾಸಬಲದಿಂದ ಚಪ್ಪಾಳೆಗೆ ಕೈ ಎತ್ತಿಕೊಂಡು ಕಾದರು.

ಕಾವೇರಿ ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಆಮೇಲೆ ಕಿರುಬೆರಳು ಮುಂದೆ ಮಾಡಿ ಮೆಲ್ಲಗೆ ಟೂ ಎಂದಳು.

ಜಗನ್ ಅತ್ತುಬಿಟ್ಟ. ಸುಳ್ಳು ಅಳುವಲ್ಲ, ಬಿಕ್ಕಿ ಬಿಕ್ಕಿ. ಪಾಪ ಅಳುತ್ತಿದ್ದಾನೆ, ಹೋಗಲಿ ಬಿಡು ಕಾವೇರಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆ ಮಾತನ್ನು ನನಗೆ ಎಷ್ಟು ಜನ ಹೇಳಿದ್ದಾರೆ! ನಿನ್ನ ಅಕ್ಕ, ಮಾವ, ಎದುರುಮನೆಯವರು. ಜಗನ್‌ನನ್ನು ನನ್ನ ಮೇಜಿನ ಹತ್ತಿರ ಕೂರಿಸಿಕೊಂಡು ಬೆನ್ನು ಸವರಿದೆ, ಆದರೆ ಕಾವೇರಿಯನ್ನು ಏನೂ ಕೇಳಲಿಲ್ಲ. ತಿರುಗಿ ನೋಡಿದರೆ ಹುಸೇನಮ್ಮ ಬಾಗಿಲಲ್ಲಿ ಇರಲಿಲ್ಲ. ಮಗಳ ಚೀಲವನ್ನು ಹೊಸ್ತಿಲ ಒಳಗೆ ಇಟ್ಟು ಹೋಗಿದ್ದಳು. ಮಧ್ಯಾಹ್ನ ಕಾವೇರಿ ಲೈಬಾಳ ಪಕ್ಕ ಕೂತು ಉಂಡಳು.

ಈಗ ನಮ್ಮ ವಿಷಯ. ನೀನು ನನ್ನ ಮೇಲೆ ಕೈ ಎತ್ತುತ್ತಿದ್ದೆ. ಮಾರನೆಯ ದಿನ ಮಸೀದಿ ರಸ್ತೆಯಿಂದ ನನಗಿಷ್ಟದ ಬಿರಿಯಾನಿ ಕಟ್ಟಿಸಿಕೊಂಡು ಬಂದು 'ಸಾರಿ ಕಣೇ' ಅನ್ನುತ್ತಿದ್ದೆ. ಕಣ್ಣಲ್ಲಿ ನಿಜವಾಗಿಯೂ ನೀರಿರುತ್ತಿತ್ತು. ನಾನು ಪರವಾಗಿಲ್ಲ ಅನ್ನುತ್ತಿದ್ದೆ, ಇಬ್ಬರೂ ಉಣ್ಣುತ್ತಿದ್ದೆವು. ಹಾಗೇ ನಿನಗೂ ರೂಢಿಯಾಯಿತು, ನನಗೂ ರೂಢಿಯಾಯಿತು. ಭಾನುವಾರ ನಡೆಯಬೇಕಾಗಿರುವುದೂ ಅದೇ, ಸಾಕ್ಷಿಗೆ ಹಿರಿಯರು ಇರುತ್ತಾರೆ ಅಷ್ಟೆ. ನೀನು ಕರೆದಿದ್ದಕ್ಕೆ ನಾನು ಕರಗಿಬಿಟ್ಟೆ ಎಂದು ತಿಳಿಯಬೇಡ. ವಾಪಸ್ಸು ಬರುವ ಯೋಚನೆಯನ್ನೇ ನಾನು ಮಾಡಿರಲಿಲ್ಲ.

ಹಾಗಾಗಿ ಭಾನುವಾರ ಬರಬೇಡ. ಮಾವನಿಗೆ ಈ ಕಾಗದವನ್ನೇ ಓದಿ ಹೇಳು. ಸಾರಿ ಹೇಳಬೇಕು ಅನ್ನಿಸಿದರೆ ನೀನಿರುವ ಕಡೆಯಿಂದಲೇ ಹೇಳು, ಉತ್ತರಕ್ಕೆ ಕಾಯಬೇಡ. ಮನಸ್ಸು ಮುಂದೆ ಬದಲಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬದಲಾದರೆ ಯಾರೂ ಕೇಳದೆ ನಾನೇ ಹೇಳುತ್ತೇನೆ. ಇವತ್ತಿಗೆ ನನ್ನ ಉತ್ತರ ಟೂ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಇದನ್ನು ಹೇಳುವುದಕ್ಕೆ ನಾನು ನಿನ್ನ ಮನೆಯಲ್ಲೇ ಇರಬೇಕೆಂದಿಲ್ಲ.

ಕೋಪವನ್ನೂ ಪ್ರೀತಿಯನ್ನೂ ಇನ್ನೂ ಬಿಡಲಾಗದ,
ತೇಜಶ್ರೀ

ವಿ.ಸೂ.: ಬರೆಯಲೋ ಬೇಡವೋ ಎಂದು ತುಂಬ ಹೊತ್ತು ಕೂತಿದ್ದೆ. ಬರುವ ಯೋಚನೆ ಮಾಡಿರಲಿಲ್ಲ ಎಂದಿದ್ದು ಸುಳ್ಳು. ಸೋಮವಾರ ಸಂಜೆಯೇ ನನ್ನ ಬಟ್ಟೆಯೆಲ್ಲ ಸೂಟ್‌ಕೇಸಿಗೆ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದೆ. ಭಾನುವಾರದವರೆಗೆ ಕಾಯುವುದೂ ಬೇಡ, ಮಂಗಳವಾರ ಶಾಲೆ ಮುಗಿಸಿ ನೇರ ನಿನ್ನ ಮನೆಗೇ ಬಂದುಬಿಡೋಣ ಅಂತ. ಬೆಳಿಗ್ಗೆ ಮಗಳ ತೋಳು ತೋರಿಸಿ ಹೊರಡುವಾಗ ಹುಸೇನಮ್ಮ ಆ ಸೂಟ್‌ಕೇಸಿಗೆ ಎಡವಿದಳು. ಎಲ್ಲಿಗೆ ಹೊಂಟೀರಿ ಟೀಚರಮ್ಮ ಎಂದು ಕೇಳಿದಳು. ಎಲ್ಲಿಗೂ ಇಲ್ಲ ಎಂದೆ.