ಗೋಡೆಯ ಹೊರಗಿನ ಗುಂಡಿ

ಬಿಜೈ, ೧೪ ಆಗಸ್ಟ್ ೧೯೩೧, ಶುಕ್ರವಾರ

ನನ್ನ ತಮ್ಮ ಇನಾಸನ ಮಗು ಬೆಳಿಗ್ಗೆ ಹುಟ್ಟಿ, ಕಾಲು ಗಂಟೆ ಉಸಿರಾಡಿ ಸತ್ತಿತು. ಹೆರಿಗೆ ಮಾಡಿಸಿದವಳು ನಾನು. ಸಾಯುವ ಕೂಸಿಗೆ ಪಾದ್ರಿಯೇ ಬೇಕೆಂದಿಲ್ಲ, ಯಾರಾದರೂ ತಲೆಗೆ ನೀರೆರೆದು ಜ್ಞಾನಸ್ನಾನ ಕೊಡಬಹುದು. ಹನ್ನೊಂದು ಕೂಸುಗಳಿಗೆ ಕೊಟ್ಟಿದ್ದೇನೆ. ಇವತ್ತು ತಂಬಿಗೆಯ ನೀರಿನಲ್ಲಿ ನನ್ನ ಕೈ ತೊಳೆದುಕೊಂಡೆ.

ಇನಾಸನ ಹೆಂಡತಿ ನತಾಲಿಯಾ ಹಿಂದೊಮ್ಮೆ, ಬಂಜೆ ತೊಟ್ಟಿಲು ಮುಟ್ಟಬಾರದೆಂದು ಎಲ್ಲರೆದುರು ನನ್ನ ಕೈ ತಳ್ಳಿದ್ದಳು. ಇವತ್ತು ಬೇರೆ ಸೂಲಗಿತ್ತಿ ಸಿಗಲಿಲ್ಲ.

"ಅಳು ಕೇಳಿದ ಹಾಗಾಯ್ತು ಅಕ್ಕ," ಎಂದಳು.

"ಎಂತದೂ ಇಲ್ಲ. ಹುಟ್ಟುವಾಗಲೇ ಹೋಗಿತ್ತು," ಎಂದೆ.

ಜ್ಞಾನಸ್ನಾನವಿಲ್ಲದ ಮಗುವಿಗೆ ಸ್ವರ್ಗವಿಲ್ಲ, ಇಗರ್ಜಿಯ ಸ್ಮಶಾನದೊಳಗೆ ಜಾಗವೂ ಇಲ್ಲ. ಗೋಡೆಯ ಹೊರಗೆ ಇನಾಸ್ ತಾನೇ ಗುಂಡಿ ತೋಡಿದ. ನಾನು ನಿಂತು ನೋಡಿದೆ. ಮನಸ್ಸಿಗೆ ಹಿತವಾಗಿತ್ತು.

ನಾಳೆ ಪಾಪನಿವೇದನೆ ಮಾಡಿದರೆ ದೇವರು ನನ್ನನ್ನು ಕ್ಷಮಿಸುತ್ತಾನೆ, ನನಗೆ ಸ್ವರ್ಗ ಉಂಟು. ಆ ಕೂಸಿಗೆ...